ಕಡೆಯುವ ಕಲ್ಲಿನ ಗುಂಡು

ಮಳೆ ಸುರಿಯುವ ಆಟಿ ತಿಂಗಳ ಒಂದು ಭಾನುವಾರ ಕಿನ್ನಿ ಪತ್ರೊಡೆ ಮಾಡಲು ಹೊರಟಳು. ಕೆಸುವಿನ ಎಲೆ ಕೊಯ್ದಾಗಿತ್ತು, ಅಕ್ಕಿ ನೆನೆದಿತ್ತು, ಮೆಣಸು, ಕೊತ್ತಂಬರಿ, ಹುಣಸೆಹುಳಿ ತಟ್ಟೆಯಲ್ಲಿ ಸಿದ್ಧವಾಗಿದ್ದವು. ಗ್ರೈಂಡರಿನಲ್ಲಿ ಅರೆದ ಹಿಟ್ಟಿನ ಪತ್ರೊಡೆ ಬಾಯಿಗೆ ಅಂಟುತ್ತದೆ ಎನ್ನುವುದು ಅವಳ ಹಳೆಯ ತಕರಾರು. ಹಾಗಾಗಿ ಹಿತ್ತಿಲ ಜಗಲಿಯ ಕಡೆಯುವ ಕಲ್ಲಿಗೆ ವರ್ಷಕ್ಕೊಮ್ಮೆಯಾದರೂ ಕೆಲಸ ಸಿಗುತ್ತಿತ್ತು. ಅವಳು ಅದರ ಮೇಲಿನ ಗೋಣಿ ಸರಿಸಿದಳು. ಕಲ್ಲು ಇತ್ತು, ಅದರ ಗುಳಿಯಲ್ಲಿ ತಿರುಗಿಸಿ ಅರೆಯುವ ಗುಂಡು ಇರಲಿಲ್ಲ.

"ಗುಂಡು ಎಲ್ಲಿ?" ಎಂದು ಕೂಗಿದಳು.

ಚಾವಡಿಯಲ್ಲಿ ಪೇಪರ್ ಓದುತ್ತಿದ್ದ ಗಂಡ ಮಾಯಿಲಪ್ಪ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡ. ಅಂಗಳದಲ್ಲಿ ತನ್ನ ಗೂಡ್ಸ್ ಟೆಂಪೋ ತೊಳೆಯುತ್ತಿದ್ದ ಮಗ ಜಿತೇಶ್ ಪೈಪಿನ ನೀರು ಜೋರು ಮಾಡಿದ.

"ನಿಮ್ಮಿಬ್ಬರ ಹತ್ರವೇ ಕೇಳಿದ್ದು. ಗುಂಡು ಎಲ್ಲಿ?"

"ಗುಜರಿಯವ ತಕೊಂಡು ಹೋಗಿರ್ಬೇಕು," ಎಂದ ಜಿತೇಶ್.

"ಗುಜರಿಯವ ಕಬ್ಬಿಣ ತಕೊಂಡು ಹೋಗುವುದು ಮಾರಾಯ. ಕಲ್ಲು ಹೊತ್ತುಕೊಂಡು ಹೋಗ್ಲಿಕ್ಕೆ ಅವನಿಗೆಂತ ಮಂಡೆ ಸರಿ ಇಲ್ವಾ?"

"ಗ್ರೈಂಡರ್ ಉಂಟಲ್ಲ, ಅದಕ್ಕೆ ಹಾಕು," ಎಂದ ಮಾಯಿಲಪ್ಪ ಪೇಪರಿನ ಹಿಂದಿನಿಂದ. "ಒಂದು ಪತ್ರೊಡೆಗೆ ಇಷ್ಟು ಗಲಾಟೆ ಎಂತಕ್ಕೆ?"

ನಿಜ ಹೇಳಬೇಕೆಂದರೆ ಗುಂಡು ಎಲ್ಲಿಗೂ ಹೋಗಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಕಾಣುವಷ್ಟು ದೂರದಲ್ಲಿ, ರೆಂಜೆ ಮರದ ಬುಡದಲ್ಲಿ, ಅರ್ಧ ಮಣ್ಣಿನೊಳಗೆ ಹೂತು, ಅರಶಿನ ಮೆತ್ತಿಕೊಂಡು, ತಲೆಯ ಮೇಲೆ ಕೇಪುಳ ಹೂ ಇಟ್ಟುಕೊಂಡು, ನಾಗನಾಗಿ ಕೂತಿತ್ತು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಆ ಹೂ ಇಡುತ್ತಿದ್ದವಳು ಕಿನ್ನಿಯೇ.

ಕಂಕನಾಡಿಯ ಜಂಕ್ಷನ್ ಸ್ಟೇಷನ್ನಿನ ಆಚೆಗಿನ ಗೂಡ್ಸ್ ಶೆಡ್ಡಿನ ಹಿಂದೆ ಇವರದೊಂದು ಓಣಿ. ಸಿಮೆಂಟಿನ ರೈಲು ಬಂದು ನಿಂತ ದಿನ ಅಲ್ಲಿ ಬಟ್ಟೆ ಹೊರಗೆ ಒಣಗಿಸುವ ಹಾಗಿಲ್ಲ, ಅನ್ನದ ಪಾತ್ರೆಯ ಮುಚ್ಚಳ ತೆಗೆದಿಡುವ ಹಾಗಿಲ್ಲ. ಜಿತೇಶನ ಮಗಳು ನಿರೀಕ್ಷಾಳಿಗೆ ಚಿಕ್ಕಂದಿನಿಂದ ದಮ್ಮು. ಕಾಲೇಜು ಚೀಲದಲ್ಲಿ ಪುಸ್ತಕ ಮರೆತರೂ ಇನ್‌ಹೇಲರ್ ಮರೆಯುವಂತಿರಲಿಲ್ಲ. ಅವಳ ತಾಯಿ ಅಕ್ಷಿತಾ ಕಂಕನಾಡಿಯ ಒಂದು ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ಕೂರುವವಳು. ದಮ್ಮಿನ ಮಕ್ಕಳನ್ನು ಎತ್ತಿಕೊಂಡು ಓಡಿ ಬರುವ ತಾಯಂದಿರನ್ನು ಕಂಡಾಗಲೆಲ್ಲ ಅವಳಿಗೆ ತನ್ನ ಮನೆಯ ಕಿಟಕಿ ನೆನಪಾಗುತ್ತಿತ್ತು.

ಬೇಸಿಗೆಯಲ್ಲಿ ವಾರ್ಡಿನ ಸಭಾಭವನದಲ್ಲಿ ಒಂದು ದೊಡ್ಡ ನಕ್ಷೆ ತೂಗುಹಾಕಿ ಜನರನ್ನು ಕರೆದರು. ಗೂಡ್ಸ್ ಶೆಡ್ಡು ಇನ್ನು ಟರ್ಮಿನಲ್ ಆಗುತ್ತದಂತೆ. ಎರಡು ಹೊಸ ಹಳಿ, ಲಾರಿಗಳು ನಿಲ್ಲಲು ಯಾರ್ಡು, ಲಾರಿ ತೂಗುವ ವೇಬ್ರಿಡ್ಜು. ಇನ್ನು ನಂತೂರಿನವರೆಗೆ ಲಾರಿಗಳು ಸಾಲುಗಟ್ಟಿ ನಿಲ್ಲಬೇಕಾಗಿಲ್ಲ ಎಂದು ಎಂಜಿನಿಯರ್ ಮೇಡಂ ಕೋಲು ಹಿಡಿದು ತೋರಿಸಿದರು. ಕೆಂಪು ಗೆರೆಯ ಒಳಗೆ ಓಣಿಯ ಕೊನೆಯ ಎರಡು ಮನೆಗಳಿದ್ದವು. ಒಂದು ಮಾಯಿಲಪ್ಪನದು, ಇನ್ನೊಂದು ಕುವೈತಿನಲ್ಲಿ ದುಡಿದು ಬಂದ ಎಡ್ವಿನ್‌ನದು.

ಎಡ್ವಿನ್‌ನ ಹೆಂಡತಿ ಗ್ಲ್ಯಾಡಿಸ್ ಮರುವಾರವೇ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಫ್ಲ್ಯಾಟ್ ನೋಡಲು ಹೊರಟಳು. ಜೊತೆಗೆ ಅಕ್ಷಿತಾಳೂ ಹೋದಳು. ಅಲ್ಲಿ ಅವಳು ಅಡುಗೆಕೋಣೆಯ ಕಟ್ಟೆಯ ಮೇಲೆ ಬೆರಳಾಡಿಸಿ, ಬೆರಳನ್ನು ತಿರುಗಿಸಿ ನೋಡಿದಳು. ಧೂಳು ಇರಲಿಲ್ಲ. ಅವಳಿಗೆ ಅಲ್ಲೇ ಕೂತು ಅಳಬೇಕೆನಿಸುವಷ್ಟು ಸಂತೋಷವಾಯಿತು.

ಆ ರಾತ್ರಿ ಊಟಕ್ಕೆ ಬಂಗುಡೆ ಪುಳಿಮುಂಚಿ. ಅಕ್ಷಿತಾ ಮಾವನ ತಟ್ಟೆಗೆ ದೊಡ್ಡ ತುಂಡು ಹಾಕಿ ಮಾತು ತೆಗೆದಳು.

"ಮಾಮ, ಫ್ಲ್ಯಾಟ್ ಲಾಯ್ಕ ಉಂಟು. ಮೂರನೇ ಮಾಳಿಗೆ ಆದ್ರೂ ಲಿಫ್ಟ್ ಉಂಟು."

"ಲಿಫ್ಟಿನಲ್ಲಿ ಹತ್ತಿಸಿ ಮೂರನೇ ಮಾಳಿಗೆಯಲ್ಲಿ ನನ್ನನ್ನು ಒಣಮೀನಿನ ಹಾಗೆ ಒಣಗಿಸ್ತೀರಾ? ನಾನು ಬರುವುದಿಲ್ಲ."

"ಬರುವುದಿಲ್ಲ ಹೇಳಿದ್ರೆ ಆಗ್ತದಾ? ಗೆರೆ ಹಾಕಿದ್ದಾರಲ್ಲ."

"ಗೆರೆ ಹಾಕಿದವರಿಗೆ ಅಳಿಸ್ಲಿಕ್ಕೂ ಬರ್ತದೆ. ಈ ಶೆಡ್ಡಿನಿಂದ ಲಾರಿ ಬಿಟ್ಟೇ ನಾನು ಈ ಮನೆ ಕಟ್ಟಿದ್ದು. ಇಂಜಿನ್ ಸದ್ದಿಲ್ಲದೆ ನನಗೆ ನಿದ್ದೆ ಬರುವುದಿಲ್ಲ."

"ಅಜ್ಜ, ಇಂಜಿನ್ ಸದ್ದು ಮೊಬೈಲಿನಲ್ಲಿ ಹಾಕಿ ಕೊಡ್ತೇನೆ," ಎಂದಳು ನಿರೀಕ್ಷಾ. ಯಾರೂ ನಗಲಿಲ್ಲ. ಜಿತೇಶ್ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ್ದ. ಅಪ್ಪನಿಗೂ ಹೆಂಡತಿಗೂ ನಡುವೆ ಅವನು ಎಂದಿನಂತೆ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ.

ಸರ್ವೆಯವರ ಜೀಪಿನ ಡ್ರೈವರ್ ಚಾ ಹೋಟೆಲಿನಲ್ಲಿ ಮಾಯಿಲಪ್ಪನಿಗೆ ಒಂದು ಮಾತು ಹೇಳಿದ್ದ. ದೈವಸ್ಥಾನ, ನಾಗಬನ, ಪಳ್ಳಿ, ಶಿಲುಬೆ ಇದ್ದಲ್ಲಿ ಇವರ ಗೆರೆ ಸ್ವಲ್ಪ ಬಳುಕುತ್ತದೆ ಎಂದು. ಮಾಯಿಲಪ್ಪನಿಗೆ ಅಷ್ಟು ಸಾಕಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ. ಹೆಂಗಸರೆಲ್ಲ ಒಂದು ಮದುವೆಗೆ ಹೋದ ದಿನ ಅವನು ಮಗನನ್ನು ಹಿತ್ತಿಲಿಗೆ ಕರೆದ. ಗುಂಡನ್ನು ಒಬ್ಬನೇ ಎತ್ತಲು ಅವನ ಸೊಂಟ ಕೇಳುತ್ತಿರಲಿಲ್ಲ.

"ಪಪ್ಪ, ಇದು ಬೇಡ. ನಾಗನ ವಿಷಯ," ಎಂದ ಜಿತೇಶ್.

"ಇದರಲ್ಲಿ ನಾಗ ಎಲ್ಲಿದ್ದಾನೆ? ಇದು ನಿನ್ನ ಅಮ್ಮ ಉದ್ದು ಕಡೆದ ಗುಂಡು. ಗುಂಡಿಗೆ ಅರಶಿನ ಹಚ್ಚಿದ್ರೆ ಯಾವ ದೋಷವೂ ಇಲ್ಲ. ಹಿಡಿ ಆ ಕಡೆ."

ಜಿತೇಶ್ ಹಿಡಿದ. ಹಿಡಿಯುವುದಿಲ್ಲ ಎನ್ನುವ ಗಟ್ಟಿತನ ಅವನಲ್ಲಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮದುವೆಯಿಂದ ಬಂದವರಿಗೆ ಮಾಯಿಲಪ್ಪ, ರೆಂಜೆಯ ಬುಡದ ಬಲ್ಲೆ, ಪೊದೆ ಕಡಿಯುವಾಗ ಹಳೆಯ ನಾಗನ ಕಲ್ಲು ಸಿಕ್ಕಿತು, ನಾವು ಜಾಗ ಕೊಳ್ಳುವ ಮೊದಲೇ ಇದ್ದದ್ದಿರಬೇಕು ಎಂದ. ಕಿನ್ನಿ ಅಲ್ಲೇ ಕೈಮುಗಿದಳು. ಎರಡನೇ ಸಲ ಅಳೆಯಲು ಬಂದ ಸರ್ವೆಯವನು ಊರಿನವನೇ. ಚಪ್ಪಲಿ ಕಳಚಿ, ದೂರದಿಂದಲೇ ಫೋಟೋ ತೆಗೆದು, ಧಾರ್ಮಿಕ ಸ್ಥಳ ಎಂದು ಬರೆದುಕೊಂಡು ಹೋದ.

ನಾಗ ಬಂದ ಮೇಲೆ ಮನೆಯಲ್ಲಿ ಕಾನೂನುಗಳೂ ಬಂದವು. ಮೀನು ತೊಳೆಯುತ್ತಿದ್ದದ್ದು ಆ ಮರದ ಪಕ್ಕದ ನಲ್ಲಿಯಲ್ಲಿ. ಈಗ ಅಕ್ಷಿತಾ ಮೀನಿನ ಚಟ್ಟಿ ಹಿಡಿದು ಮನೆಗೆ ಸುತ್ತು ಹಾಕಿ ಟ್ಯಾಂಕಿನ ಹಿಂದೆ ಹೋಗಬೇಕು. ಬಟ್ಟೆಯ ಹಗ್ಗ ಬಿಚ್ಚಬೇಕಾಯಿತು. ನಿರೀಕ್ಷಾ ಮುಟ್ಟಾದ ದಿನಗಳಲ್ಲಿ ಅಂಗಳ ದಾಟುವಂತಿರಲಿಲ್ಲ. ಎಡ್ವಿನ್‌ನ ಹಿತ್ತಿಲಿನಿಂದ ನುಸುಳಿ ಕಾಲೇಜಿಗೆ ಹೋಗುತ್ತಿದ್ದಳು.

"ಅಜ್ಜಿ, ಮೊನ್ನೆ ತನಕ ಇಲ್ಲದ ನಾಗನಿಗೆ ನನ್ನ ಡೇಟ್ ಹೇಗೆ ಗೊತ್ತು?"

"ಬಾಯಿ ಮುಚ್ಚು. ಅವನಿಗೆ ಎಲ್ಲ ಗೊತ್ತಾಗ್ತದೆ."

ಅಷ್ಟೆಲ್ಲ ನಂಬಿದ ಕಿನ್ನಿಗೆ ನಾಗರಪಂಚಮಿಯ ದಿನ ಸತ್ಯ ತಿಳಿಯಿತು. ಅಂದು ಓಣಿಯವರೆಲ್ಲ ಹಾಲು, ಸೀಯಾಳ ಹಿಡಿದು ಬಂದಿದ್ದರು. ಬುಟ್ಟಿ ಹೊತ್ತು ಮೀನು ಮಾರುವ ದೇಯಿ ಮೈತುಂಬ ಕಜ್ಜಿಯಾಗಿದ್ದ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಳು. ಗ್ಲ್ಯಾಡಿಸ್ ಕೂಡ ಒಂದು ಲೋಟ ಹಾಲು ತಂದು, "ನಮ್ಮ ಲೆಕ್ಕದಲ್ಲಿಯೂ ಹೊಯ್ಯಿ ಕಿನ್ನಿಯಕ್ಕ" ಎಂದು ಕಣ್ಣು ಮುಚ್ಚಿ ಏನೋ ಹೇಳಿಕೊಂಡಳು. ಕಿನ್ನಿ ಹಾಲು ಹೊಯ್ದು, ಹಳೆಯ ಅರಶಿನ ತೊಳೆದು, ಹೊಸದು ಹಚ್ಚುತ್ತಿದ್ದಳು. ಕಲ್ಲಿನ ಬದಿಯಲ್ಲಿ ಅವಳ ಬೆರಳಿಗೆ ಒಂದು ತಗ್ಗು ಸಿಕ್ಕಿತು. ಬೆರಳು ಅಲ್ಲೇ ನಿಂತಿತು. ಆಮೇಲೆ ಅವಳು ಏನೂ ಆಗದವಳಂತೆ ಅರಶಿನ ಹಚ್ಚಿ ಮುಗಿಸಿದಳು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅವಳು ಗಂಡನ ಎದುರು ಬಂದು ನಿಂತಳು.

"ಗುಂಡಿನ ಬದಿಯ ಚಕ್ಕೆ ಹೇಗೆ ಎದ್ದದ್ದು ಗೊತ್ತುಂಟಾ ನಿಮಗೆ? ಜಿತ್ತು ಹೊಟ್ಟೆಯಲ್ಲಿದ್ದಾಗ ನನ್ನ ಕೈ ಜಾರಿ ಬಿದ್ದದ್ದು. ನಿಮ್ಮ ಅಮ್ಮ ಮೂರು ದಿನ ಬೈದಿದ್ರು."

ಮಾಯಿಲಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ.

"ನಾನು ಕಡೆದ ಗುಂಡಿಗೆ ನನ್ನ ಕೈಯಲ್ಲೇ ಪೂಜೆ ಮಾಡಿಸಿದ್ರಲ್ಲ."

"ಯಾರಿಗೂ ಹೇಳ್ಬೇಡ ಕಿನ್ನಿ. ಮನೆ ಉಳಿಯಲಿ ಹೇಳಿ ಮಾಡಿದ್ದು."

"ಹೇಳಿ ಯಾರ ಮುಖ ನೋಡುವುದು? ಇಷ್ಟು ಜನ ಕೈಮುಗಿದು ಆಯ್ತು."

ಮರುದಿನ ಬೆಳಿಗ್ಗೆಯೂ ಅವಳು ಹೂ ಇಟ್ಟಳು. ಇಡದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಆದರೆ ಗಂಡನಿಗೆ ಆಮೇಲೆ ಅನೇಕ ದಿನ ಚಾ ತಣ್ಣಗಾದ ಮೇಲೆಯೇ ಸಿಕ್ಕಿತು.

ಚೌತಿ ಕಳೆದ ಮೇಲೆ ಸಭಾಭವನದಲ್ಲಿ ತಿದ್ದಿದ ನಕ್ಷೆ ಬಂತು. ಅಕ್ಷಿತಾ ಕೆಲಸದಿಂದ ಅರ್ಧ ದಿನದ ರಜೆ ಹಾಕಿ ನೋಡಲು ಹೋದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಎಡ್ವಿನ್‌ನ ಮನೆ ಕೆಂಪು ಗೆರೆಯೊಳಗೇ ಇತ್ತು. ಇವರ ಮನೆ ಇರಲಿಲ್ಲ. ಗೆರೆ ಇವರ ಕಂಪೌಂಡಿನ ಹತ್ತಿರ ಬಂದು, ಸುತ್ತು ಹೊಡೆದು, ಮತ್ತೆ ಮುಂದೆ ಹೋಗಿತ್ತು. ಹಿಂದೆ ಹೊಸ ಹಳಿ, ಎಡಕ್ಕೆ ಗೋದಾಮು, ಎದುರಿಗೆ ಎಡ್ವಿನ್‌ನ ಜಾಗದಲ್ಲಿ ಲಾರಿ ಯಾರ್ಡು. ಬಂಗುಡೆ ತಿಂದ ಮೇಲೆ ತಟ್ಟೆಯಲ್ಲಿ ಉಳಿಯುವ ಮುಳ್ಳಿನ ಹಾಗೆ ಅವರ ಮನೆ ನಡುವೆ ಉಳಿದಿತ್ತು.

"ಮೇಡಂ, ನಾವು ಮನೆಗೆ ಹೋಗುವುದು ಎಲ್ಲಿಂದ?"

"ಕಾಲುದಾರಿ ಬಿಟ್ಟಿದ್ದೇವಲ್ಲಮ್ಮ," ಎಂದರು ಎಂಜಿನಿಯರ್ ಮೇಡಂ. "ಎರಡು ಮೀಟರ್. ನಾಗನಿಗೆ ಪೂಜೆಗೆ ಬರುವ ಭಕ್ತರಿಗಾಗಿ."

"ಟೆಂಪೋ ಬರುವುದಿಲ್ವಾ?"

"ಭಕ್ತರು ಟೆಂಪೋದಲ್ಲಿ ಬರುತ್ತಾರಾ?"

ಅಕ್ಷಿತಾ ಮನೆಗೆ ಬಂದು ಟ್ಯಾಂಕಿನ ಹಿಂದೆ ಬೂತಾಯಿ ತೊಳೆಯುತ್ತಾ ಕೂತ ಅತ್ತೆಯ ಎದುರು ಕುಕ್ಕರಿಸಿದಳು. "ಮಾಮಿ, ನಮ್ಮನ್ನು ಬಿಟ್ಟು ಹೋದ್ರು. ಪರಿಹಾರವೂ ಇಲ್ಲ, ದಾರಿಯೂ ಇಲ್ಲ. ಲಾರಿಯ ಹೊಗೆ ಮಾತ್ರ ನಮಗೆ. ಆ ನಾಗ ಯಾಕೆ ಬಂದ ನಮ್ಮಲ್ಲಿಗೆ?" ಎಂದಳು.

ಕಿನ್ನಿ ಕೈಯ ಚೂರಿ ಕೆಳಗಿಟ್ಟಳು. ಸೊಸೆಯ ಮುಖ ನೋಡಲಾಗದೆ ಮೀನನ್ನೇ ನೋಡುತ್ತಾ ಎಲ್ಲ ಹೇಳಿಬಿಟ್ಟಳು.

ರಾತ್ರಿ ಊಟದ ಹೊತ್ತಿಗೆ ಅಕ್ಷಿತಾ ಯಾರಿಗೂ ಬಡಿಸಲಿಲ್ಲ. ಬಾಗಿಲಿಗೆ ಒರಗಿ ನಿಂತಳು.

"ಗುಂಡು ಹೊತ್ತದ್ದು ಯಾರು?"

ಜಿತೇಶ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಪಪ್ಪನಿಗೆ ಸೊಂಟ ನೋವು."

"ನಿಮ್ಮ ಮಗಳಿಗೆ ಉಸಿರು ನೋವು. ಅದು ಕಾಣಲಿಲ್ವಾ?"

"ಗೆರೆ ಒಂದು ಹತ್ತಡಿ ಆಚೆ ಹೋಗ್ತದೆ, ಎಲ್ಲ ಮೊದಲಿನ ಹಾಗೇ ಇರ್ತದೆ ಹೇಳಿ ಎಣಿಸಿದ್ದು," ಎಂದ ಮಾಯಿಲಪ್ಪ. ಅವನ ದನಿಯಲ್ಲಿ ಹಳೆಯ ಜೋರು ಇರಲಿಲ್ಲ. "ಎಡ್ವಿನ್ ಪೊರ್ಬುಗಳ ಜಾಗ ಹೋಗಿ ನಮ್ಮದು ಉಳೀತದೆ ಹೇಳಿ ನನಗೆಂತ ಗೊತ್ತು?"

"ಈಗ ಗೊತ್ತಾಯ್ತಲ್ಲ. ತೆಗೀರಿ ಅದನ್ನು."

"ತೆಗೀಲಿಕ್ಕೆ ಆಗುವುದಿಲ್ಲ ಮಗಾ."

"ಯಾಕೆ? ಇಟ್ಟವರು ನೀವೇ ಅಲ್ವಾ?"

"ನಾನು ಇಟ್ಟದ್ದು ಗುಂಡು. ಈಗ ಅಲ್ಲಿರುವುದು ಗುಂಡಲ್ಲ. ದೇಯಿಯ ಮೊಮ್ಮಗಳ ಕಜ್ಜಿ ವಾಸಿಯಾಯ್ತು. ಅವಳು ಬೆಳ್ಳಿಯ ಹೆಡೆ ತಂದು ಕೊಟ್ಟಿದ್ದಾಳೆ. ನನಗೆ ಕೈ ಹಾಕ್ಲಿಕ್ಕೆ ಹೆದರಿಕೆ ಆಗ್ತದೆ."

ಅವನು ನಾಟಕ ಮಾಡುತ್ತಿರಲಿಲ್ಲ. ತಾನು ತೋಡಿದ ಗುಂಡಿಗೆ ತಾನೇ ಬಿದ್ದವನ ಹೆದರಿಕೆ ಅದು. ಆದರೆ ಅಕ್ಷಿತಾಳಿಗೆ ಅಂದು ಕನಿಕರ ಬರಲಿಲ್ಲ, ಸಿಟ್ಟು ಮಾತ್ರ ಬಂತು. ಅನ್ನದ ಪಾತ್ರೆಯನ್ನು ನಡುವೆ ಇಟ್ಟು, ಬೇಕಾದವರು ಹಾಕಿಕೊಳ್ಳಿ ಎಂದು ಒಳಗೆ ಹೋದಳು.

ಎರಡು ದಿನ ಬಿಟ್ಟು ಅವಳು ಯೋಜನೆಯ ಆಫೀಸಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎಂಜಿನಿಯರ್ ಮೇಡಂಗೆ ಮೊದಲು ನಗು ಬಂತು, ಆಮೇಲೆ ತಲೆಬಿಸಿಯಾಯಿತು.

"ನಾವಾಗಿ ಅದನ್ನು ಮುಟ್ಟುವುದಿಲ್ಲಮ್ಮ. ಮುಟ್ಟಿದರೆ ನಾಳೆ ಪೇಪರಿನಲ್ಲಿ ಬರುತ್ತದೆ. ದೀಪಾವಳಿ ಕಳೆದ ಮೇಲಿನ ಶನಿವಾರ ದೊಡ್ಡ ಸಾಹೇಬರು ಕೊನೆಯ ಸಲ ಸ್ಥಳ ನೋಡಲು ಬರುತ್ತಾರೆ. ಅಷ್ಟರೊಳಗೆ ನೀವೇ ತೆಗೆದಿಡಿ. ಜಾಗ ಖಾಲಿ ಇದ್ದರೆ ನಿಮ್ಮ ಮನೆಯನ್ನೂ ಸೇರಿಸಲು ನಾನು ಹೇಳುತ್ತೇನೆ. ಆ ದಿನ ದಾಟಿದರೆ ನಕ್ಷೆ ಮೇಲಕ್ಕೆ ಹೋಗುತ್ತದೆ. ಆಮೇಲೆ ನನ್ನ ಕೈಯಲ್ಲೂ ಇಲ್ಲ."

ಅಲ್ಲಿಂದ ಅಕ್ಷಿತಾ ಮನೆಯವರ ಬೆನ್ನು ಬಿದ್ದಳು. ಜಿತೇಶನಿಗೆ ಬೆಳಗಿನ ತಿಂಡಿಯ ಜೊತೆ ಒಮ್ಮೆ, ಸಂಜೆ ಟೆಂಪೋ ನಿಲ್ಲಿಸಿ ಬಂದಾಗ ಒಮ್ಮೆ ಅದೇ ಮಾತು.

"ನೋಡುವ," ಎನ್ನುತ್ತಿದ್ದ ಅವನು.

"ನೋಡಿ ನೋಡಿ ನಕ್ಷೆ ಹೋಗ್ತದೆ."

"ಊರಿನವರು ಕೇಳಿದ್ರೆ ಎಂತ ಹೇಳುವುದು? ನಾಗನ ಹೆಸರಿನಲ್ಲಿ ಮೋಸ ಮಾಡಿದವರು ಹೇಳಿ ನನ್ನ ಟೆಂಪೋಗೆ ಯಾರು ಬಾಡಿಗೆ ಕೊಡ್ತಾರೆ? ನಾಳೆ ನಿರೀಕ್ಷಾಳನ್ನು ಯಾರು ಮದುವೆ ಆಗ್ತಾರೆ?"

"ಉಸಿರು ಇದ್ರೆ ಅಲ್ವಾ ಮದುವೆ?"

ಒಪ್ಪಿದವಳು ಕೊನೆಗೆ ಕಿನ್ನಿಯೇ. ಬಸಳೆ ಸೋಸುತ್ತಾ ಕೂತವಳು ಇದ್ದಕ್ಕಿದ್ದಂತೆ, "ನೀನು ಹಾರೆ ಹಿಡಿ, ನಾನು ಕೈ ಹಾಕ್ತೇನೆ" ಎಂದಳು. "ಎಷ್ಟೋ ವರ್ಷ ನನ್ನ ಕೈಯಲ್ಲೇ ತಿರುಗಿದ್ದು. ನನ್ನ ಮೇಲೆ ಅದಕ್ಕೆಂತ ಸಿಟ್ಟು? ದೇಯಿಗೆ ನಾನು ಹೇಳ್ತೇನೆ. ಕಾಲು ಹಿಡೀಬೇಕಾದ್ರೆ ಹಿಡೀತೇನೆ. ಶುಕ್ರವಾರ ಸಂಜೆ ತೆಗೆಯುವ."

ಅಕ್ಷಿತಾಳಿಗೆ ಅತ್ತೆಯನ್ನು ಅಪ್ಪಿಕೊಳ್ಳಬೇಕೆನಿಸಿತು. ಅದು ಆ ಮನೆಯ ಪದ್ಧತಿಯಲ್ಲ, ಹಾಗಾಗಿ ಬಸಳೆ ಸೋಸಲು ಜೊತೆಗೆ ಕೂತಳು. ತೊಕ್ಕೊಟ್ಟಿನ ಅಡುಗೆಕೋಣೆಯಲ್ಲಿ ಗ್ರೈಂಡರ್ ಎಲ್ಲಿಡುವುದು ಎಂದು ಇಬ್ಬರೂ ಮಾತಾಡಿದರು.

"ಗುಂಡನ್ನೂ ಕೊಂಡು ಹೋಗುವ," ಎಂದಳು ಕಿನ್ನಿ. "ಮೂರನೇ ಮಾಳಿಗೆಯಲ್ಲಿ ಪತ್ರೊಡೆಗೆ ಕಡೆಯುವ."

"ಕೆಳಗಿನವರು ಜಗಳಕ್ಕೆ ಬರ್ತಾರೆ ಮಾಮಿ."

"ಬರಲಿ. ಒಂದು ತುಂಡು ಪತ್ರೊಡೆ ಕೊಟ್ರೆ ಸುಮ್ಮನಾಗ್ತಾರೆ."

ಬಹಳ ದಿನಗಳ ಮೇಲೆ ಆ ಮನೆಯ ಅಡುಗೆಕೋಣೆಯಲ್ಲಿ ನಗು ಕೇಳಿಸಿತು.

ಶುಕ್ರವಾರ ಬೆಳಿಗ್ಗೆ ಶೆಡ್ಡಿಗೆ ಸಿಮೆಂಟಿನ ರೈಲು ಬಂತು. ಕಾಲೇಜಿಗೆ ಹೊರಟ ನಿರೀಕ್ಷಾ ಅಂಗಳದಲ್ಲೇ ಕುಸಿದು ಕೂತಳು. ಇನ್‌ಹೇಲರಿಗೆ ಉಸಿರು ಬಗ್ಗಲಿಲ್ಲ. ಅಕ್ಷಿತಾ ಮತ್ತು ಕಿನ್ನಿ ಅವಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಮೂಗಿಗೆ ಮಾಸ್ಕ್ ಹಾಕಿಸಿಕೊಂಡ ಮಗಳ ಎದೆ ಏರಿಳಿಯುವುದನ್ನು ಅಕ್ಷಿತಾ ಇಡೀ ದಿನ ನೋಡುತ್ತಾ ಕೂತಳು. ಇವತ್ತು ಸಂಜೆ, ಇವತ್ತು ಸಂಜೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಮಗಳ ಉಸಿರು ಹದಕ್ಕೆ ಬಂದ ಮೇಲೆ ಮೂವರೂ ಹಿಂತಿರುಗಿದರು.

ರೆಂಜೆಯ ಬುಡದಲ್ಲಿ ಒಂದು ಕಟ್ಟೆ ಎದ್ದಿತ್ತು.

ಸಣ್ಣದಲ್ಲ, ಸೊಂಟದೆತ್ತರದ ಕಟ್ಟೆ. ಸುತ್ತ ಬಿಳಿ ಟೈಲ್ಸ್, ಮೇಲೆ ಕೆಂಪು ಬಣ್ಣದ ಗಾರೆ. ನಡುವೆ, ಕುತ್ತಿಗೆಯವರೆಗೆ ಕಾಂಕ್ರೀಟಿನಲ್ಲಿ ಕೂತ ಗುಂಡು. ಅದರ ತಲೆಗೆ ದೇಯಿಯ ಬೆಳ್ಳಿಯ ಹೆಡೆ. ಗಾರೆಯವನು ಕೈಕಾಲು ತೊಳೆದುಕೊಳ್ಳುತ್ತಿದ್ದ. ಅವನಿಗೆ ನೀರು ಹೊಯ್ಯುತ್ತಿದ್ದವನು ಮಾಯಿಲಪ್ಪ.

ಗ್ಲ್ಯಾಡಿಸ್ ಎರಡೂ ಕೈ ಚಾಚಿಕೊಂಡು ಬಂದಳು. "ಅಕ್ಷಿತಾ, ನಿನಗೆ ಸರ್‌ಪ್ರೈಸ್ ಇರಲಿ ಹೇಳಿ ಮೊದಲು ಹೇಳಲಿಲ್ಲ. ನಮ್ಮ ಪರಿಹಾರದ ದುಡ್ಡು ತೊಂದರೆ ಇಲ್ಲದೆ ಬಂದ್ರೆ ನಾಗನಿಗೆ ಒಂದು ಕಟ್ಟೆ ಕಟ್ಟಿಸ್ತೇನೆ ಹೇಳಿ ಪಂಚಮಿಯ ದಿನವೇ ಹೇಳಿಕೊಂಡಿದ್ದೆ. ಮೊನ್ನೆ ಬಂತು ನೋಡು. ಇಗರ್ಜಿಗೆ ಮೇಣದ ಬತ್ತಿ, ಇಲ್ಲಿಗೆ ಕಟ್ಟೆ. ಹರಕೆ ಬಾಕಿ ಇಟ್ಟು ಮನೆ ಬಿಡಬಾರದಲ್ಲ."

"ಟೈಲ್ಸ್ ನಮ್ಮ ಬಾತ್‌ರೂಮಿಗೆ ತಂದದ್ದು ಉಳಿದಿತ್ತು," ಎಂದ ಎಡ್ವಿನ್ ನಾಚಿಕೊಂಡು. "ಒಳ್ಳೆ ಕಂಪನಿಯದ್ದು. ಇಷ್ಟು ವರ್ಷದ ನೆರೆಕರೆಯ ನೆನಪು ಹೇಳಿ ಇರಲಿ."

ಕಿನ್ನಿ ಸೊಸೆಯ ತೋಳು ಗಟ್ಟಿಯಾಗಿ ಹಿಡಿದುಕೊಂಡು, "ದೇವರು ನಿಮಗೆ ಒಳ್ಳೇದು ಮಾಡಲಿ ಬಾಯಮ್ಮ" ಎಂದಳು.

ಒಳಗೆ ಬಂದ ಮೇಲೆ ಅಕ್ಷಿತಾ ಗಂಡನನ್ನು ಹಿಡಿದಳು. "ಸಿಮೆಂಟ್ ತಂದದ್ದು ಯಾರು?"

"ನಾನೇ. ಶೆಡ್ಡಿನಿಂದ," ಎಂದ ಜಿತೇಶ್. "ಗ್ಲ್ಯಾಡಿಸ್ ಬಾಯಮ್ಮ ಫೋನ್ ಮಾಡಿದ್ರು. ಬೇಡ ಹೇಳ್ಬೇಕಾದ್ರೆ ಕಾರಣ ಹೇಳ್ಬೇಕಲ್ಲ? ಎಂತ ಹೇಳ್ತಿದ್ದಿ ನೀನಾದ್ರೆ?"

"ಗುಂಡು ಹೇಳ್ತಿದ್ದೆ. ಅಡುಗೆಮನೆಯ ಗುಂಡು ಹೇಳ್ತಿದ್ದೆ!"

"ಹಾಗಾದ್ರೆ ನಾಳೆ ಹೇಳು," ಎಂದ ಅವನು. ಅದು ಸವಾಲಲ್ಲ. ಯಾರಾದರೂ ಹೇಳಿಬಿಟ್ಟರೆ ಸಾಕು ಎನ್ನುವ ಹಾಗೆ ಅವನ ದನಿ ಸೋತಿತ್ತು.

ಶನಿವಾರ ಸಾಹೇಬರು ಬಂದರು. ಹೊಸ ಕಟ್ಟೆಗೆ ಪೂಜೆಯೆಂದು ಓಣಿಯವರೆಲ್ಲ ಮೊದಲೇ ಸೇರಿದ್ದರು. ಆಚೆ ಎಡ್ವಿನ್‌ನ ಮನೆಯೆದುರು ಸಾಮಾನು ತುಂಬಿದ ಲಾರಿ ಹೊರಡಲು ನಿಂತಿತ್ತು. ಗ್ಲ್ಯಾಡಿಸ್ ಇಗರ್ಜಿಗೆ ಉಡುವ ಸೀರೆ ಉಟ್ಟಿದ್ದಳು. ದೇಯಿಯ ಸೊಂಟದಲ್ಲಿ ಮೊಮ್ಮಗಳು. ಮಗುವಿನ ಕೈಕಾಲು ನುಣ್ಣಗೆ ಹೊಳೆಯುತ್ತಿದ್ದವು.

ಎಂಜಿನಿಯರ್ ಮೇಡಂ ಕಟ್ಟೆ ನೋಡಿ, ಅಕ್ಷಿತಾಳನ್ನು ನೋಡಿ, ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿಯೇ ಕೇಳಿದರು.

"ಯಾರಮ್ಮ ಆಫೀಸಿಗೆ ಬಂದು ಹೇಳಿದ್ದು? ನೀವಾ? ಈಗ ಎಲ್ಲರ ಎದುರು ಹೇಳಿಬಿಡಿ. ಇದು ನಾಗನಾ, ಅಲ್ಲವಾ?"

ಓಣಿಯವರೆಲ್ಲ ಅಕ್ಷಿತಾಳ ಕಡೆ ತಿರುಗಿದರು. ಅವಳು ಆಫೀಸಿಗೆ ಯಾಕೆ ಹೋಗಿದ್ದಳು ಎಂದು ಗ್ಲ್ಯಾಡಿಸ್‌ಗೆ ಅರ್ಥವಾಗಿರಲಿಲ್ಲ. ಅವಳ ಮುಖದಲ್ಲಿ ಮುಗುಳ್ನಗೆ ಹಾಗೇ ಇತ್ತು. ಮಾಯಿಲಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ಜಿತೇಶ್ ಹೆಂಡತಿಯನ್ನೇ ನೋಡುತ್ತಿದ್ದ. ಕಿನ್ನಿ ಒಂದು ಹೆಜ್ಜೆ ಮುಂದೆ ಬಂದು ಸೊಸೆಯ ಪಕ್ಕ ನಿಂತಳು. ಏನು ಹೇಳಿದರೂ ನಿನ್ನ ಜೊತೆ ಇದ್ದೇನೆ ಎನ್ನುವ ಹಾಗೆ.

ಒಂದೇ ಮಾತು ಸಾಕಿತ್ತು. ಆ ಮಾತಿನ ಆಚೆ ತೊಕ್ಕೊಟ್ಟು ಇತ್ತು, ಧೂಳಿಲ್ಲದ ಅಡುಗೆಕೋಣೆ ಇತ್ತು, ಮಗಳ ಉಸಿರು ಇತ್ತು. ಆದರೆ ಆ ಮಾತು ಆಡಿದರೆ ಕಲ್ಲನ್ನು ಅಗೆಯಲು ಪಿಕ್ಕಾಸು ಬೇಕು. ಪಿಕ್ಕಾಸು ಎತ್ತುವವರಿಗೆ ಈ ಜನರ ನಡುವೆ ದಾರಿ ಬೇಕು. ಅತ್ತೆ ದೇಯಿಯ ಕಾಲು ಹಿಡಿಯಬೇಕು, ಮಾವ ಮತ್ತೆ ಓಣಿಯಲ್ಲಿ ತಲೆ ಎತ್ತಲಾರ. ಅಷ್ಟೆಲ್ಲ ಆದ ಮೇಲೂ ಮನೆಯನ್ನು ಸೇರಿಸುತ್ತೇವೆ ಎಂದು ಈ ಸಾಹೇಬರು ಬಾಯಿಬಿಟ್ಟು ಹೇಳಿರಲಿಲ್ಲ. ದೇಯಿಯ ಮೊಮ್ಮಗಳು ನುಣ್ಣನೆಯ ಕೈಯೆತ್ತಿ ಬೆಳ್ಳಿಯ ಹೆಡೆಯನ್ನು ತೋರಿಸಿ, "ನಾಗ" ಎಂದಳು.

"ನಾಗ," ಎಂದಳು ಅಕ್ಷಿತಾ.

"ಸರಿ," ಎಂದು ಸಾಹೇಬರು ನಕ್ಷೆ ಮಡಚಿದರು. ಎಂಜಿನಿಯರ್ ಮೇಡಂ ಅವಳ ಮುಖ ನೋಡದೆ ಜೀಪು ಹತ್ತಿದರು. ಗ್ಲ್ಯಾಡಿಸ್ ಬಂದು ಅಕ್ಷಿತಾಳನ್ನು ತಬ್ಬಿಕೊಂಡು ಅತ್ತಳು. ಊರು ಬಿಡುವ ದುಃಖಕ್ಕೆ ಇಬ್ಬರೂ ಅಳುತ್ತಿದ್ದಾರೆಂದು ಎಲ್ಲರೂ ತಿಳಿದರು.

ಡಿಸೆಂಬರಿನಲ್ಲಿ ಎಡ್ವಿನ್‌ನ ಮನೆ ಬಿತ್ತು. ಅಲ್ಲಿ ಯಾರ್ಡಿನ ಗೋಡೆ ಏಳತೊಡಗಿತು. ಜಿತೇಶ್ ಟೆಂಪೋವನ್ನು ದೂರದ ರಸ್ತೆಯಲ್ಲಿ ಬಿಟ್ಟು, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಎಲ್ಲ ಹೆಗಲ ಮೇಲೆ ಭಕ್ತರ ಕಾಲುದಾರಿಯಲ್ಲಿ ಹೊತ್ತು ತಂದ. ಒಂದು ದಿನ ಕೆಲಸದವರು ಲೈನ್ ಕಂಬ ಬದಲಿಸುವುದಕ್ಕೆಂದು ಕರೆಂಟು ತೆಗೆದರು. ನೀರುದೋಸೆಗೆ ಅಕ್ಕಿ ನೆನೆದಿತ್ತು. ಕಲ್ಲಿನಲ್ಲಾದರೂ ಕಡೆಯೋಣವೆಂದು ಅಕ್ಷಿತಾ ಅಕ್ಕಿಯ ಪಾತ್ರೆ ಹಿಡಿದು ಹಿತ್ತಿಲ ಜಗಲಿಗೆ ಬಂದಳು. ಗೋಣಿ ಸರಿಸಿದಾಗಲೇ ಅವಳಿಗೆ ನೆನಪಾದದ್ದು. ಅವಳು ಖಾಲಿ ಕಲ್ಲಿನ ಎದುರು ಹಾಗೇ ಕೂತಳು.

ಮಾಯಿಲಪ್ಪ ನಾಗನಿಗೆ ದೀಪ ಇಟ್ಟು ಬರುತ್ತಿದ್ದ. ಆ ಶನಿವಾರದಿಂದ ಅದು ಅವನ ಕೆಲಸ. ಕಿನ್ನಿ ಅಂದೇ ಹೂವಿನ ಬುಟ್ಟಿಯನ್ನು ಅವನ ಕೈಗೆ ಕೊಟ್ಟಿದ್ದಳು. ಸೊಸೆ ಕೂತದ್ದನ್ನು ನೋಡಿ ಅವನು ನಿಂತ.

"ಮಗಾ, ದೋಸೆ ಬೇಡ. ಗಂಜಿ ಮಾಡು. ಗಂಜಿ ಸಾಕು ನಮಗೆ."

ಒಳಗಿನಿಂದ ಕಿನ್ನಿ ಬಂದು ಪಾತ್ರೆ ತೆಗೆದುಕೊಂಡಳು.

"ಏಳು ಮಗಾ. ಈ ಕಲ್ಲನ್ನೂ ಕವುಚಿ ಹಾಕುವ. ಹೀಗೇ ಇಟ್ರೆ ನಾಳೆ ಇದಕ್ಕೂ ಯಾರಾದ್ರೂ ಬಂದು ಹಾಲು ಹೊಯ್ತಾರೆ."

ಅತ್ತೆ ಸೊಸೆ ಇಬ್ಬರೂ ಸೇರಿ ದೂಡಿದರು. ಕಲ್ಲು ಕದಲಲಿಲ್ಲ. ಮಾಯಿಲಪ್ಪ ಬಂದು ಬಗ್ಗಿ ಒಂದು ಬದಿ ಹಿಡಿದ. ಸೊಂಟ ಹಿಡಿದುಕೊಂಡಿತು. ಅವನು ಬಗ್ಗಿದಲ್ಲೇ ನಿಂತು, ನೇರವಾಗಲಾರದೆ, ಸೊಸೆಯ ಕಡೆ ಕೈ ಚಾಚಿದ.

ಅಕ್ಷಿತಾ ಸ್ವಲ್ಪ ಹೊತ್ತು ಆ ಕೈಯನ್ನು ನೋಡಿದಳು. ಆಮೇಲೆ ಹಿಡಿದು ಅವನನ್ನು ಮೆಲ್ಲಗೆ ಜಗಲಿಯ ಮೇಲೆ ಕೂರಿಸಿದಳು. ಒಳಗೆ ನಿರೀಕ್ಷಾ ಕೆಮ್ಮುವುದು ಕೇಳಿಸಿತು. ಅಕ್ಷಿತಾ ಹೋಗಿ ಶೆಡ್ಡಿನ ಕಡೆಯ ಕಿಟಕಿ ಮುಚ್ಚಿ, ಗಂಜಿಗೆ ನೀರಿಟ್ಟಳು.